ಸೂಕ್ಷ್ಮವೆಲ್ಲ ಸುಂದರವೆ? — ಶ್ರಮಸಾಧ್ಯ ಡಿಜಿಟಲ್ ಚಿತ್ರದ ಬೆಲೆಗಟ್ಟುವ ಬಗೆ

೧

ಹೋದ ವರ್ಷ ನಮ್ಮ ಶಾಲೆಯ ಚಿತ್ರಕಲಾ ಪ್ರದರ್ಶನದಲ್ಲಿ ಹತ್ತನೆಯ ತರಗತಿಯ ಬಾಲಕನೊಬ್ಬನು ಆನೆಯ ಚಿತ್ರವೊಂದನ್ನು ಇಟ್ಟಿದ್ದನು. ಅದು ಕಾಗದದ ಮೇಲೆ ಬಣ್ಣದಿಂದ ಬರೆದದ್ದಲ್ಲ. ಅಣ್ಣನಿಂದ ಬಂದ ಹಳೆಯ ಟ್ಯಾಬ್ಲೆಟ್ಟಿನ ಮೇಲೆ ಡಿಜಿಟಲ್ ಪೆನ್ನಿನಿಂದ ಬರೆದು, ಹೊಸೂರಿನ ಅಂಗಡಿಯೊಂದರಲ್ಲಿ ದೊಡ್ಡ ಹಾಳೆಗೆ ಮುದ್ರಿಸಿಕೊಂಡು ತಂದದ್ದು. ಬಾಲಕನ ಊರು ಸಾನಮಾವು ಕಾಡಿನ ಅಂಚಿನದು. ಆ ಕಾಡು ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯ ಮಗ್ಗುಲಿನದೆಂಬುದನ್ನೂ, ಮಳೆಗಾಲ ಕಳೆದು ರಾಗಿ ತೆನೆಗಟ್ಟುವ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿಗಳ ಮಾರ್ಗವಾಗಿ ಆನೆಗಳ ಹಿಂಡು ಅಲ್ಲಿಗೆ ಬಂದು ಸೇರುವುದನ್ನೂ ಈ ಸೀಮೆಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಚಿತ್ರದ ವಸ್ತು ಅದೇ: ಇರುಳು, ರಾಗಿಯ ಹೊಲ, ನಡುವೆ ಎದುರುಮುಖವಾಗಿ ನಿಂತ ಒಂಟಿಸಲಗ.

ಚಿತ್ರದ ಮುಂದೆ ನಿಂತವರಿಗೆಲ್ಲ ಮೊದಲು ಬಂದ ಭಾವ ಬೆರಗು. ಆನೆಯ ತೊಗಲಿನ ಒಂದೊಂದು ಸುಕ್ಕು, ನೆತ್ತಿಯ ಮೇಲಣ ಒಂದೊಂದು ಕೂದಲು, ಕಿವಿಯ ನರಗಳ ಕವಲು, ದಂತದ ಮೇಲಿನ ಗೀರು, ಹಿಂದಿನ ಪೊದೆಗಳ ಎಲೆ ಎಲೆ, ತೆನೆಯ ಕಾಳು ಕಾಳು ಎಲ್ಲವೂ ಅಲ್ಲಿ ಇದ್ದುವು. ನಾಲ್ಕು ತಿಂಗಳ ಕೆಲಸವೆಂದು ಬಾಲಕನು ಹೇಳಿದನು. ಅವನ ಮನೆಯವರೂ ಅದನ್ನೇ ಹೇಳಿದರು.

ತೀರ್ಪುಗಾರರು ಮೂವರು. ಚಿತ್ರಕಲಾ ಉಪಾಧ್ಯಾಯರು ಇದಕ್ಕೇ ಮೊದಲ ಬಹುಮಾನವೆಂದರು. ಇಷ್ಟು ಪರಿಶ್ರಮವನ್ನು ಕಂಡೂ ಕೊಡದಿದ್ದರೆ ಇನ್ನು ಯಾವುದಕ್ಕೆ ಕೊಡುವುದು ಎಂಬುದು ಅವರ ವಾದ. ನಾವು ಒಪ್ಪಲಿಲ್ಲ. ಕ್ಯಾಮೆರ ಕ್ಷಣಾರ್ಧದಲ್ಲಿ ಮಾಡುವುದನ್ನು ಕೈ ನಾಲ್ಕು ತಿಂಗಳು ಮಾಡಿದರೆ ಅದು ತಾಳ್ಮೆಯಾದೀತು, ಕಲೆ ಹೇಗಾದೀತು ಎಂದು ಕೇಳಿದೆವು. ಮೂರನೆಯವರು ನಮ್ಮ ಪಕ್ಷಕ್ಕೆ ಬಂದರು. ಅಜ್ಜಿಯೊಬ್ಬಳು ಮೊರದಲ್ಲಿ ಕೇರುತ್ತಿರುವುದನ್ನು ಬಳಪದಿಂದ ಬರೆದಿದ್ದ ಬಾಲಕಿಗೆ ಮೊದಲ ಬಹುಮಾನ ಹೋಯಿತು; ಆನೆಗೆ ಸಮಾಧಾನಕರ ಬಹುಮಾನ ಬಂದಿತು. ದಾಖಲೆ ಪುಸ್ತಕದಲ್ಲಿ ನಾವು ನಮ್ಮ ಕೈಯಾರೆ ಒಂದು ವಾಕ್ಯ ಬರೆದೆವು: “ಪರಿಶ್ರಮ ಮೆಚ್ಚತಕ್ಕದ್ದು, ಕಲೆ ಸಾಲದು.”

ಈ ಲೇಖನ ಆ ವಾಕ್ಯದ ವಿಮರ್ಶೆ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದ ನಾವು ನಮ್ಮ ಉತ್ತರವನ್ನೂ ಒಮ್ಮೆ ತಿದ್ದಿಕೊಳ್ಳುವುದು ನ್ಯಾಯವೆಂದು ತೋರುತ್ತದೆ. ಬಹು ಸೂಕ್ಷ್ಮವಾಗಿ, ಬಹು ಕಷ್ಟಪಟ್ಟು ಮಾಡಿದ ಡಿಜಿಟಲ್ ಚಿತ್ರ ಒಳ್ಳೆಯ ಕಲೆಯೆ ಎಂಬುದು ಪ್ರಶ್ನೆ. ಇದರಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ: ಸಾಧನದ್ದು ಒಂದು, ಸೂಕ್ಷ್ಮತೆಯದು ಇನ್ನೊಂದು. ಎರಡನ್ನೂ ಬಿಡಿಸಿ ನೋಡೋಣ.

೨

ಮೊದಲು ಸಾಧನದ ಮಾತು. ಯಂತ್ರದಲ್ಲಿ ಬರೆದದ್ದು ಯಂತ್ರವೇ ಬರೆದದ್ದು ಎಂದು ನಮ್ಮಲ್ಲಿ ಅನೇಕರ ಎಣಿಕೆ. ಇದು ಸರಿಯಲ್ಲ. ಗಾಜಿನ ಹಲಗೆಯ ಮೇಲೂ ಗೆರೆ ಎಳೆಯುವುದು ಕೈಯೇ. ನಡುಗುವ ಕೈಯ ಗೆರೆ ಅಲ್ಲಿಯೂ ನಡುಗುತ್ತದೆ. ತಪ್ಪಿದ ಗೆರೆಯನ್ನು ಒಂದು ಗುಂಡಿಯೊತ್ತಿ ಅಳಿಸಬಹುದು, ಚಿತ್ರವನ್ನು ಪದರ ಪದರವಾಗಿ ಬೇರೆ ಬೇರೆ ಇಟ್ಟು ತಿದ್ದಬಹುದು ಎಂಬುದು ಮಾತ್ರ ಹೊಸದು. ಶಿಲ್ಪಿಯ ಉಳಿ ಒಮ್ಮೆ ಜಾರಿದರೆ ಮೂಗು ಹೋಯಿತು. ಇಲ್ಲಿ ಹೋದ ಮೂಗು ಮರಳಿ ಬರುತ್ತದೆ. ಹೀಗೆ ಅಪಾಯ ಕಡಿಮೆಯಾದುದರಿಂದಲೇ ಕಲೆಯ ಬೆಲೆಯೂ ಕಡಿಮೆಯಾಯಿತೆ?

ಇದಕ್ಕೆ ಉತ್ತರ ಹೊಯ್ಸಳರ ಶಿಲ್ಪದಲ್ಲಿಯೇ ಇದೆ. ಬೇಲೂರು ಹಳೇಬೀಡುಗಳ ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಅದು ಮೆದುವಾಗಿದ್ದು, ಗಾಳಿಗೆ ಒಡ್ಡಿಕೊಂಡಮೇಲೆ ಗಟ್ಟಿಯಾಗುತ್ತದೆ. ಬಾದಾಮಿ ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲಿನಲ್ಲಿ ದುಡಿದರು. ಅವರಿಗಿಲ್ಲದ ಸೌಕರ್ಯ ಹೊಯ್ಸಳ ಶಿಲ್ಪಿಗಳಿಗೆ ಇದ್ದಿತು. ಆದಕಾರಣ ಹಳೇಬೀಡಿನ ಸರಿಗೆಯಂಥ ಕೆತ್ತನೆ ಕಲ್ಲಿನ ಗುಣ, ಶಿಲ್ಪಿಯ ಗುಣವಲ್ಲ ಎಂದು ಯಾರಾದರೂ ಹೇಳುತ್ತಾರೆಯೆ? ಮೆದುಗಲ್ಲು ಸೂಕ್ಷ್ಮತೆಗೆ ಅವಕಾಶ ಕೊಟ್ಟಿತು. ಆ ಅವಕಾಶದಲ್ಲಿ ಏನನ್ನು ಕೆತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅದು ಹೇಳಿಕೊಡಲಿಲ್ಲ. ಟ್ಯಾಬ್ಲೆಟ್ಟೂ ಅಂಥದೊಂದು ಮೆದುಗಲ್ಲು. ಆದಕಾರಣ ಡಿಜಿಟಲ್ ಎಂಬ ಕಾರಣಕ್ಕೆ ಚಿತ್ರವನ್ನು ಕೆಳಗಿಡುವುದು ಅವಿಚಾರ.

ಆದರೆ ಈ ಮೆದುಗಲ್ಲಿನಲ್ಲಿ ಹಿಂದೆ ಯಾವ ಕಲ್ಲಿನಲ್ಲೂ ಇಲ್ಲದ ಎರಡು ಗುಣಗಳುಂಟು. ಅವನ್ನು ವಿಮರ್ಶಕನು ಅರಿತಿರಬೇಕು. ಒಂದು, ಚಿತ್ರದ ಯಾವ ಮೂಲೆಯನ್ನಾದರೂ ನೂರು ಪಾಲು ಹಿಗ್ಗಿಸಿಕೊಂಡು ಬರೆಯಬಹುದು. ಹಾಗೆ ಬರೆಯುವಾಗ ಕಣ್ಣಿಗೆ ಕಾಣುವುದು ಒಂದು ಕೂದಲು ಮಾತ್ರ, ಆನೆ ಕಾಣುವುದಿಲ್ಲ. ಇನ್ನೊಂದು, ಒಮ್ಮೆ ಬರೆದ ಎಲೆಯನ್ನು ಸಾವಿರ ಸಲ ಒತ್ತಬಹುದು. ಎಲೆಯ ಗುರುತನ್ನೇ ತುದಿಯಲ್ಲಿ ಹೊತ್ತ ಕುಂಚಗಳು ಆ ಯಂತ್ರದಲ್ಲಿವೆ. ಆದುದರಿಂದ ಕಾಡೊಂದು ಎಲೆ ಎಲೆಯಾಗಿ ತುಂಬಿದೆಯೆಂದ ಮಾತ್ರಕ್ಕೆ ಯಾರೋ ಎಲೆ ಎಲೆಯಾಗಿ ಕಾಡನ್ನು ನೋಡಿದರೆಂದು ತಿಳಿಯುವಂತಿಲ್ಲ.

೨೦೨೨ರಿಂದ ಈಚೆಗೆ ಮಾತು ಇನ್ನೂ ಮುಂದೆ ಹೋಗಿದೆ. ಬೇಕಾದುದನ್ನು ಮಾತಿನಲ್ಲಿ ಬರೆದುಕೊಟ್ಟರೆ ಚಿತ್ರವನ್ನು ತಾನೇ ಕಟ್ಟಿಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಜನರ ಕೈಗೆ ಬಂದುವು. ಆ ವರ್ಷವೇ ಅಮೆರಿಕದ ಕೊಲರಾಡೊ ರಾಜ್ಯದ ವಾರ್ಷಿಕ ಮೇಳದಲ್ಲಿ ಡಿಜಿಟಲ್ ಚಿತ್ರಗಳ ವಿಭಾಗದ ಮೊದಲ ಬಹುಮಾನ ಜೇಸನ್ ಅಲೆನ್ ಎಂಬುವರಿಗೆ ಹೋಯಿತು. ಆ ಚಿತ್ರ ಮಿಡ್‌ಜರ್ನಿ ಎಂಬ ಯಂತ್ರದಿಂದ ಹುಟ್ಟಿದ್ದೆಂದು ತಿಳಿದಾಗ ದೊಡ್ಡ ವಿವಾದವೆದ್ದಿತು. ತಾವು ೬೨೪ ಸಲವಾದರೂ ಯಂತ್ರಕ್ಕೆ ಸೂಚನೆ ಕೊಟ್ಟು ತಿದ್ದಿಸಿದ್ದಾಗಿ ಅವರು ಹಕ್ಕುಸ್ವಾಮ್ಯ ಕಛೇರಿಯ ಮುಂದೆ ವಾದಿಸಿದರು. ಯಂತ್ರ ಹುಟ್ಟಿಸಿದ ಭಾಗಕ್ಕೆ ಮನುಷ್ಯ ಕರ್ತೃತ್ವವಿಲ್ಲವೆಂದು ೨೦೨೩ರಲ್ಲಿ ಆ ಕಛೇರಿ ನೋಂದಣಿಯನ್ನು ನಿರಾಕರಿಸಿತು. ನಮಗೆ ಇಲ್ಲಿ ಮುಖ್ಯವಾದದ್ದು ಕಾನೂನಲ್ಲ. ಹಿಂದೆ ಸೂಕ್ಷ್ಮತೆ ಕಂಡರೆ ಶ್ರಮವಿದೆಯೆಂದು ನಂಬಬಹುದಾಗಿತ್ತು. ಆ ಸಾಕ್ಷ್ಯ ಈಗ ಬಿದ್ದುಹೋಗಿದೆ. ಸೂಕ್ಷ್ಮವಾಗಿದೆ, ಆದ್ದರಿಂದ ಶ್ರಮವಿದೆ, ಆದ್ದರಿಂದ ಕಲೆಯಿದೆ ಎಂಬ ಮೂರು ಮೆಟ್ಟಿಲ ಏಣಿಯಲ್ಲಿ ಮೊದಲ ಮೆಟ್ಟಿಲೇ ಮುರಿಯಿತು.

೩

ಶ್ರಮ ನಿಜವಾಗಿಯೇ ಇದ್ದಲ್ಲಿ? ನಮ್ಮ ಬಾಲಕನ ನಾಲ್ಕು ತಿಂಗಳು ಸುಳ್ಳಲ್ಲವಷ್ಟೆ. ಎರಡನೆಯ ಪ್ರಶ್ನೆ ಇಲ್ಲಿಂದ ಮೊದಲಾಗುತ್ತದೆ.

ಉಪಾಧ್ಯಾಯರಾದ ನಮಗೆ ಶ್ರಮದ ಮೇಲೆ ಸಹಜವಾದ ಪಕ್ಷಪಾತವುಂಟು. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳಿಗೆ ದಿನವೂ ಹೇಳುವವರು ನಾವು. ಆದರೆ ಕೆಸರಾದ ಕೈಯನ್ನು ಮೆಚ್ಚುವುದು ಬೇರೆ, ಬೆಳೆದ ಬೆಳೆಯನ್ನು ಅಳೆಯುವುದು ಬೇರೆ. ನ್ಯಾಯಾಲಯಗಳೂ ಈ ಭೇದವನ್ನು ಕಂಡಿವೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೯೧ರಲ್ಲಿ ದೂರವಾಣಿ ಪಟ್ಟಿಯೊಂದರ ಮೊಕದ್ದಮೆಯಲ್ಲಿ, ಹಣೆಯ ಬೆವರು ಸುರಿಸಿ ಕೂಡಿಹಾಕಿದ ಮಾತ್ರಕ್ಕೆ ಕೃತಿ ಸ್ವಂತದ್ದಾಗುವುದಿಲ್ಲವೆಂದು ತೀರ್ಮಾನಿಸಿತು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ ೨೦೦೭ರಲ್ಲಿ ಈಸ್ಟರ್ನ್ ಬುಕ್ ಕಂಪನಿಯ ಮೊಕದ್ದಮೆಯಲ್ಲಿ, ಬರಿಯ ಶ್ರಮ ಮತ್ತು ಬಂಡವಾಳ ಸಾಲದು, ಕುಶಲತೆಯೂ ವಿವೇಚನೆಯೂ ಕೃತಿಯಲ್ಲಿ ಇರಬೇಕೆಂಬ ಅಳತೆಯನ್ನು ಹಿಡಿಯಿತು. ವಿವೇಚನೆ ಎಂಬ ಆ ಮಾತು ಕಾನೂನಿನದಾದರೂ ನಮ್ಮ ಪ್ರಶ್ನೆಗೂ ಅನ್ವಯಿಸುತ್ತದೆ.

ಶ್ರಮವನ್ನೇ ಕೃತಿಯ ಹೆಸರಾಗಿ ಮಾಡಿದ ಉದಾಹರಣೆಯೂ ಡಿಜಿಟಲ್ ಲೋಕದಲ್ಲಿ ಉಂಟು. ಬೀಪಲ್ ಎಂಬ ಹೆಸರಿನಿಂದ ಚಿತ್ರಿಸುವ ಅಮೆರಿಕದ ಮೈಕ್ ವಿಂಕೆಲ್‌ಮನ್ ೨೦೦೭ರ ಮೇ ೧ರಿಂದ ಮೊದಲುಮಾಡಿ ದಿನಕ್ಕೊಂದರಂತೆ ಚಿತ್ರ ಮಾಡಿ, ಮೊದಲ ೫೦೦೦ ಚಿತ್ರಗಳನ್ನು ಒಂದೇ ಚೌಕಕ್ಕೆ ಜೋಡಿಸಿದರು. ೨೦೨೧ರ ಮಾರ್ಚಿಯಲ್ಲಿ ಕ್ರಿಸ್ಟೀಸ್ ಸಂಸ್ಥೆಯ ಹರಾಜಿನಲ್ಲಿ ಅದು ೬ ಕೋಟಿ ೯೩ ಲಕ್ಷ ಡಾಲರಿಗೆ ಹೋಯಿತು. ಕೊಂಡ ವಿಘ್ನೇಶ್ ಸುಂದರೇಶನ್ ನಮ್ಮ ತಮಿಳುನಾಡಿನ ಮೂಲದವರೆಂಬುದು ಈ ಭಾಗದ ಪತ್ರಿಕೆಗಳಲ್ಲಿಯೂ ಸುದ್ದಿಯಾಗಿತ್ತು. ಹದಿಮೂರು ವರ್ಷಕ್ಕೂ ಮೀರಿ ಒಂದು ದಿನವೂ ಬಿಡದೆ ಮಾಡಿದ ನಿಷ್ಠೆ ಸಾಮಾನ್ಯವಲ್ಲ. ಅದನ್ನು ನಾವು ಗೌರವಿಸಬೇಕು. ಆದರೆ ೫೦೦೦ ಎಂಬ ಸಂಖ್ಯೆ ನಿಷ್ಠೆಗೆ ಸಾಕ್ಷಿಯಾಗಬಲ್ಲುದೇ ಹೊರತು, ಅದರೊಳಗಿನ ಯಾವ ಒಂದು ಚಿತ್ರ ಒಳ್ಳೆಯದೆಂಬುದಕ್ಕೂ ಸಾಕ್ಷಿಯಾಗಲಾರದು. ಅದಕ್ಕೆ ಆ ಚಿತ್ರವನ್ನೇ ನೋಡಬೇಕು. ಹರಾಜಿನ ಬೆಲೆಯಂತೂ ಹರಾಜಿನ ಬೆಲೆ.

೪

ಈ ಚರ್ಚೆ ನಮಗೆ ಹೊಸದೆಂದು ತಿಳಿಯಬೇಕಾಗಿಲ್ಲ. ಕಾವ್ಯದಲ್ಲಿ ನಮ್ಮವರು ಇದನ್ನು ಸಾವಿರ ವರ್ಷಕ್ಕೂ ಹಿಂದೆಯೇ ನಡೆಸಿದ್ದಾರೆ. ಅದೂ ‘ಚಿತ್ರ’ ಎಂಬ ಹೆಸರಿನಿಂದಲೇ. ಅಕ್ಷರಗಳನ್ನು ಚಕ್ರದಂತೆ, ಮದ್ದಳೆಯಂತೆ, ನಡೆವ ಎತ್ತಿನ ಮೂತ್ರದ ಗೆರೆಯಂತೆ ಹೊಂದಿಸಿ ಕಟ್ಟುವ ಚಕ್ರಬಂಧ, ಮುರಜಬಂಧ, ಗೋಮೂತ್ರಿಕೆಗಳನ್ನು ಆಲಂಕಾರಿಕರು ಚಿತ್ರಕಾವ್ಯವೆಂದರು. ದಂಡಿ ತನ್ನ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಇಂಥ ದುಷ್ಕರ ರಚನೆಗಳಿಗೆ ವಿಸ್ತಾರವಾಗಿ ಎಡೆಗೊಟ್ಟನು. ಅವನ ಹಾದಿಯನ್ನು ಹಿಡಿದ ನಮ್ಮ ಕವಿರಾಜಮಾರ್ಗವೂ ಒಂಬತ್ತನೆಯ ಶತಮಾನದಲ್ಲಿ ಅವನ್ನು ಕನ್ನಡಕ್ಕೆ ತಂದಿತು. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದಲ್ಲಿ, ಇದು ಕಾವ್ಯದ ಅನುಕರಣೆ ಮಾತ್ರ, ಮುಖ್ಯ ಕಾವ್ಯವಲ್ಲ ಎಂದು ಪಕ್ಕಕ್ಕಿಟ್ಟನು. ಮುಂದೆ ಮಮ್ಮಟನು ಉತ್ತಮ, ಮಧ್ಯಮ, ಅವರ ಎಂಬ ಮೂರು ದರ್ಜೆ ಮಾಡಿ ಚಿತ್ರಕ್ಕೆ ಕೊನೆಯ ದರ್ಜೆ ಕೊಟ್ಟನು.

ಅವರ ಆಕ್ಷೇಪ ಕಷ್ಟದ ಮೇಲಲ್ಲ ಎಂಬುದನ್ನು ಗಮನಿಸಬೇಕು. ಮಹಾಕವಿಯೂ ಕಷ್ಟಪಡುತ್ತಾನೆ. ಬಂಧದಲ್ಲಿ ಕವಿ ಕಷ್ಟಪಡುವುದು ಮೊದಲೇ ಎಳೆದಿಟ್ಟ ಮನೆಗಳನ್ನು ತುಂಬುವುದಕ್ಕೆ. ಮನೆ ತುಂಬಿತೆ ಇಲ್ಲವೆ ಎಂಬುದೊಂದೇ ಅಲ್ಲಿಯ ಪ್ರಶ್ನೆ. ಹೇಳಬೇಕಾದ ಮಾತನ್ನು ಹುಡುಕುವ ಕಷ್ಟ ಬೇರೆ.

ಕಟ್ಟಳೆ ಇದ್ದಲ್ಲೆಲ್ಲ ಕಲೆ ಸಾಯುತ್ತದೆಂದೂ ಅಲ್ಲ. ಹದಿಮೂರನೆಯ ಶತಮಾನದ ಆಂಡಯ್ಯನು ಸಂಸ್ಕೃತದ ತತ್ಸಮಗಳನ್ನು ಬಿಟ್ಟು ಅಚ್ಚಗನ್ನಡ ಮತ್ತು ತದ್ಭವಗಳಿಂದಲೇ ‘ಕಬ್ಬಿಗರ ಕಾವ’ವನ್ನು ಬರೆದನು. ಇದಕ್ಕಿಂತ ದುಡಿಮೆಯ ಕೆಲಸ ಕನ್ನಡದಲ್ಲಿ ಕಡಿಮೆ. ತರಗತಿಯಲ್ಲಿ ಆ ಕವಿಯ ಹೆಸರು ಹೇಳಿದೊಡನೆ ನಾವು ಅವನ ಪ್ರತಿಜ್ಞೆಯನ್ನು ಹೇಳಿ ಮುಂದೆ ಹೋಗುತ್ತೇವೆ. ಇದು ಅವನಿಗೆ ನಾವು ಮಾಡುವ ಅನ್ಯಾಯ. ಪ್ರತಿಜ್ಞೆಯ ದೆಸೆಯಿಂದ ಅವನು ಹಳೆಯ ಸವೆದ ಸಮಾಸಗಳನ್ನು ಬಿಟ್ಟು ಹೊಸ ಮಾತಿಗಾಗಿ ತಡಕಬೇಕಾಯಿತು; ಹಾಗೆ ತಡಕಿ ಪಡೆದ ಕಡೆಗಳಲ್ಲಿ ಪದ್ಯಕ್ಕೆ ತಾಜಾತನ ಬಂದಿದೆ. ಕಟ್ಟಳೆ ಹುಡುಕಾಟಕ್ಕೆ ದಾರಿಮಾಡಿದಲ್ಲಿ ಕಾವ್ಯವಾಯಿತು. ಕಟ್ಟಳೆಯನ್ನು ತೀರಿಸುವುದೇ ಗುರಿಯಾದಲ್ಲಿ ಕಸರತ್ತಾಯಿತು.

ಹೀಗೆ ನಾವು ಶ್ರಮವನ್ನು ಎರಡಾಗಿ ಒಡೆಯಬೇಕಾಗುತ್ತದೆ: ತುಂಬುವ ಶ್ರಮ, ಹುಡುಕುವ ಶ್ರಮ. ಎರಡೂ ಬೆವರು ತರಿಸುತ್ತವೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರನಾಗಿ ಕಾಣಬಹುದು. ಆದರೆ ಕಲೆ ಹುಟ್ಟುವುದು ಎರಡನೆಯದರಿಂದ.

೫

ಈ ಅಳತೆಗೋಲನ್ನು ಹಿಡಿದು ಹಳೇಬೀಡಿಗೆ ಮತ್ತೆ ಹೋಗೋಣ. ಹೊಯ್ಸಳರ ಆಳ್ವಿಕೆ ನಮ್ಮ ಹೊಸೂರು ಸೀಮೆಗೂ ಹಬ್ಬಿದ್ದಿತಾದ್ದರಿಂದ ಅವರ ಶಿಲ್ಪ ನಮಗೆ ಪರಕೀಯವಲ್ಲ. ಆ ಶಿಲ್ಪದ ಮೇಲೆ ಹಳೆಯದೊಂದು ಆಕ್ಷೇಪವುಂಟು: ಅದು ಶಿಲ್ಪಿಯ ಕೆಲಸವಲ್ಲ, ಅಕ್ಕಸಾಲೆಯ ಕೆಲಸ, ಕಣ್ಣಿಗೆ ಬಿಡುವೇ ಇಲ್ಲ, ಒಂದಂಗುಲ ಕಲ್ಲನ್ನೂ ಸುಮ್ಮನೆ ಬಿಟ್ಟಿಲ್ಲ ಎಂದು. ನಮ್ಮ ಬಾಲಕನ ಚಿತ್ರದ ಮೇಲೆ ನಾವು ಹೊರಿಸಿದ ಆಕ್ಷೇಪವೂ ಇದೇ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಜಗತಿಯ ಮೇಲೆ, ಗೋಡೆಯ ಬುಡದ ಪಟ್ಟಿಕೆಯಲ್ಲಿ ಆನೆಗಳ ಸಾಲು ಗುಡಿಯನ್ನು ಸುತ್ತುವರಿದು ನಡೆದಿದೆ. ಮೇಲಿನ ಪಟ್ಟಿಕೆಗಳ ಭಾರವನ್ನೆಲ್ಲ ಹೊತ್ತಂತೆ ಬುಡದಲ್ಲಿ ಆನೆಗಳನ್ನಿಟ್ಟದ್ದೇ ಒಂದು ವಿವೇಚನೆ. ದೂರದಿಂದ ನೋಡಿದರೆ ಒಂದೇ ಅಚ್ಚಿನಿಂದ ಒತ್ತಿದಂತೆ ಕಾಣುವ ಈ ಸಾಲನ್ನು ಹತ್ತಿರ ಹೋಗಿ ನೋಡಿದರೆ, ಒಂದರ ಸೊಂಡಿಲು ಮುಂದಿನದರ ಕಡೆಗೆ ಚಾಚಿದೆ, ಇನ್ನೊಂದರ ಸೊಂಡಿಲು ಸುರುಳಿಯಾಗಿದೆ. ಒಂದು ತಲೆ ತಗ್ಗಿಸಿದೆ, ಇನ್ನೊಂದು ಎತ್ತಿದೆ. ಸಾವಿರ ಸಲ ಆನೆಯನ್ನೇ ಕೆತ್ತುವ ಕೆಲಸದಲ್ಲಿಯೂ ಶಿಲ್ಪಿ ಆನೆಯನ್ನು ಮರಳಿ ಮರಳಿ ನೋಡಿದ್ದಾನೆ.

ಜೇಮ್ಸ್ ಫರ್ಗುಸನ್ ೧೮೭೬ರ ತನ್ನ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೇಬೀಡನ್ನು ಗ್ರೀಕರ ಪಾರ್ಥೆನಾನಿನ ಎದುರಿಗಿಟ್ಟು ತೂಗಿದ್ದಾನೆ. ಅಲ್ಲಿಯ ಕಂಬಗಳೆಲ್ಲ ಒಂದೇ ತೆರ. ಇಲ್ಲಿ ಒಂದು ಭಾಗದಂತೆ ಇನ್ನೊಂದಿಲ್ಲ, ಬಳ್ಳಿಯ ಒಂದು ಸುರುಳಿಯಂತೆ ಮತ್ತೊಂದಿಲ್ಲ. ಇವೆರಡೂ ಕಲೆಯ ಎರಡು ತುದಿಗಳು ಎಂಬುದು ಅವನ ಮಾತಿನ ಸಾರ. ಈ ಗುಡಿಯ ಹಿಂದಿರುವ ಮಾನವಶ್ರಮಕ್ಕೆ ಅವನು ಬೆರಗಾಗಿದ್ದಾನೆ, ನಿಜ. ಆದರೆ ಅವನ ತೂಕ ನಿಂತಿರುವುದು ವೈವಿಧ್ಯದ ಮೇಲೆ. ವೈವಿಧ್ಯವೆಂದರೆ ಪ್ರತಿಸಲವೂ ಹೊಸದಾಗಿ ತೀರ್ಮಾನಿಸಿದ್ದರ ಗುರುತು. ತುಂಬುವ ಶ್ರಮ ಮಾಡುವವನು ಒಮ್ಮೆ ತೀರ್ಮಾನಿಸಿ ಸಾವಿರ ಸಲ ಮಾಡುತ್ತಾನೆ. ಹುಡುಕುವವನು ಸಾವಿರ ಸಲವೂ ತೀರ್ಮಾನಿಸುತ್ತಾನೆ.

ಬೇಲೂರಿನ ಚೆನ್ನಕೇಶವ ದೇವಾಲಯ ೧೧೧೭ರಲ್ಲಿ ಪ್ರತಿಷ್ಠೆಯಾದದ್ದು. ಅಲ್ಲಿಯ ಮದನಿಕೆಯೊಂದರ ಮೇಲಣ ಬಳ್ಳಿಯ ಎಡೆಯಲ್ಲಿ ಹಲಸಿನ ಹಣ್ಣಿನ ಮೇಲೆ ನೊಣ ಕುಳಿತಿರುವುದನ್ನೂ, ಅದಕ್ಕೆ ಹಲ್ಲಿ ಹೊಂಚುಹಾಕಿರುವುದನ್ನೂ ಮಾರ್ಗದರ್ಶಿಗಳು ಎಲ್ಲರಿಗೂ ತೋರಿಸುತ್ತಾರೆ. ಪ್ರವಾಸಕ್ಕೆ ಕರೆದೊಯ್ದ ಮಕ್ಕಳು ಉಳಿದುದನ್ನೆಲ್ಲ ಮರೆತರೂ ಆ ಹಲ್ಲಿಯನ್ನು ಮರೆಯುವುದಿಲ್ಲ. ಅದು ಅಷ್ಟು ಚಿಕ್ಕದಾಗಿರುವುದರಿಂದ ಬಂದ ಬೆಲೆ ಅಲ್ಲ. ಅಲಂಕಾರದ ಬಳ್ಳಿಯೊಳಗೆ ಶಿಲ್ಪಿ ಹಸಿವೆಯ ಒಂದು ಕ್ಷಣವನ್ನು ಕಂಡನು; ನಮಗೂ ಅದನ್ನು ಕಾಣಿಸಿದನು. ದಾಸೋಜ, ಅವನ ಮಗ ಚಾವಣ, ಸೋಮನಾಥಪುರದ ಮಲ್ಲಿತಮ್ಮ ಮೊದಲಾದವರು ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೆತ್ತಿದ್ದಾರೆ. ಇದು ನಾನು ಕಂಡದ್ದು ಎಂದು ಹೇಳಬಲ್ಲವರಿಗೆ ಆ ಹೆಸರು ಸಲ್ಲುತ್ತದೆ.

ಇದಕ್ಕೆ ಎದುರಾಗಿ ಸೂಕ್ಷ್ಮವೇ ಇಲ್ಲದ ಚಿತ್ರ ನಮ್ಮ ಮಗ್ಗುಲಲ್ಲಿಯೇ ಇದೆ. ಕೃಷ್ಣಗಿರಿ ಜಿಲ್ಲೆಯ ಮಲ್ಲಚಂದ್ರದ ಕಲ್ಮನೆಗಳ ಒಳಮೈಯಲ್ಲಿ ಪ್ರಾಚೀನರು ಬಿಳಿಯ ಬಣ್ಣದಿಂದ ಪ್ರಾಣಿಗಳನ್ನೂ ಅವುಗಳ ಮೇಲೆ ಏರಿದ ಮನುಷ್ಯರನ್ನೂ ಬರೆದಿದ್ದಾರೆ. ಮುಖವಿಲ್ಲ, ಕಣ್ಣಿಲ್ಲ, ಬೆರಳಿಲ್ಲ, ನಾಲ್ಕಾರು ಗೆರೆ. ಆದರೂ ಸವಾರನು ಸವಾರನೇ. ಹೀಗಿರಲು ಸೂಕ್ಷ್ಮತೆ ಕಲೆಗೆ ಆವಶ್ಯಕವೆಂದು ಹೇಳುವಂತಿಲ್ಲ. ಹಳೇಬೀಡನ್ನು ಕಂಡಮೇಲೆ ಅದು ಕಲೆಗೆ ಅಡ್ಡಿಯೆಂದೂ ಹೇಳುವಂತಿಲ್ಲ.

ಹೊಸಕಾಲದ ಚಿತ್ರಕಾರರಲ್ಲಿ ಕೆ. ವೆಂಕಟಪ್ಪನವರ ಮೇಲ್ಪಂಕ್ತಿ ಇಲ್ಲಿ ನೆನೆಯತಕ್ಕದ್ದು. ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದು, ೧೯೬೫ರಲ್ಲಿ ತೀರಿಕೊಂಡ ಅವರು ಉದಕಮಂಡಲದ ಬೆಟ್ಟ, ಕೊಳ, ಮಂಜುಗಳನ್ನು ಜಲವರ್ಣದಲ್ಲಿ ಬರೆದರು. ತಾಳ್ಮೆಗೆ ಹೆಸರಾದವರು. ಅವರ ಚಿತ್ರಗಳಲ್ಲಿಯೂ ಮರ ಮರವಾಗಿ, ಇಳಿಜಾರು ಇಳಿಜಾರಾಗಿ ಬರೆದ ಸೂಕ್ಷ್ಮ ಕೆಲಸವೇ. ಆದರೆ ನೋಡುವವನಿಗೆ ಉಳಿಯುವುದು ಮರದ ಲೆಕ್ಕವಲ್ಲ. ಬೆಳಗೊ ಬೈಗೊ, ಮಳೆಯ ಮುಂಚೊ ಅನಂತರವೊ ಎಂಬ ಆ ಹೊತ್ತು. ಎಲ್ಲ ಸೂಕ್ಷ್ಮಗಳೂ ಒಂದು ಹೊತ್ತಿಗೆ ಅಧೀನವಾಗಿ ನಿಂತಿವೆ.

೬

ಇನ್ನು ನಮ್ಮ ಸಾನಮಾವಿನ ಆನೆಗೆ ಬರೋಣ. ನಮ್ಮ ಕಣ್ಣು ತೆರೆಸಿದವರು ಆಲಂಕಾರಿಕರಲ್ಲ. ಆ ಬಾಲಕನ ತಂದೆ. ಪ್ರದರ್ಶನ ಮುಗಿದ ವಾರದಲ್ಲಿ ಪೋಷಕರ ಸಭೆಗೆ ಬಂದಿದ್ದ ಆ ರೈತರು ಚಿತ್ರದ ಮುಂದೆ ಬಹಳ ಹೊತ್ತು ನಿಂತಿದ್ದರು. ಹೇಗಿದೆಯೆಂದು ಕೇಳಿದೆವು.

“ಆನೆ ಆನೆ ಹಂಗೇ ಐತೆ ಮೇಷ್ಟ್ರೇ. ಆದ್ರೆ ರಾತ್ರಿ ಹೊತ್ತು ಇಷ್ಟೆಲ್ಲ ಯಾರಿಗೆ ಕಾಣ್ತದೆ? ಸದ್ದು ಬರ್ತದೆ, ನಾತ ಬರ್ತದೆ, ಕಪ್ಪಗೆ ಏನೋ ನಿಂತಂಗೆ ಇರ್ತದೆ. ಅಷ್ಟೇ.”

ಆಮೇಲೆ ಸೊಂಡಿಲ ತುದಿಯನ್ನು ಬೆರಳಿಂದ ತೋರಿಸಿದರು. ಅಲ್ಲಿ ರಾಗಿಯ ಪೈರು ಬೇರು ಸಮೇತ ಕಿತ್ತು ಬಂದಿತ್ತು. ಸೊಂಡಿಲು ಅದನ್ನು ಮುಂಗಾಲಿಗೆ ಬಡಿಯುತ್ತಿತ್ತು. ಬೇರಿನಿಂದ ಮಣ್ಣು ಉದುರುತ್ತಿತ್ತು.

“ಇದು ಮಾತ್ರ ನಿಜ. ಹಿಂಗೇ ಕಾಲಿಗೆ ಬಡಿದು ಮಣ್ಣು ಉದುರಿಸ್ಕೊಂಡೇ ತಿನ್ನೋದು.”

ತೀರ್ಪುಗಾರರಾಗಿ ಅರ್ಧ ಗಂಟೆ ನೋಡಿದ ನಮಗೆ ಅದು ಕಂಡಿರಲಿಲ್ಲ. ಬಾಲಕನನ್ನು ಕರೆಸಿ ಕೇಳಿದೆವು. ಕಾಡಿನ ಎಲೆಗಳನ್ನು ಎಲೆಯ ಕುಂಚದಿಂದ ಒತ್ತಿ ತುಂಬಿದೆನೆಂದನು. ತೊಗಲಿನ ಸುಕ್ಕುಗಳನ್ನು ಫೋಟೋ ಒಂದನ್ನು ಹಿಗ್ಗಿಸಿ ಇಟ್ಟುಕೊಂಡು ಬರೆದನಂತೆ. ಎರಡು ತಿಂಗಳು ಅದಕ್ಕೇ ಹೋಯಿತು. ಆದರೆ ಆ ಸೊಂಡಿಲ ತುದಿಗೆ ಫೋಟೋ ಸಿಕ್ಕಲಿಲ್ಲ. ಬೆಳಗ್ಗೆ ಹೊಲದಲ್ಲಿ ಬಿದ್ದಿದ್ದ ಪೈರಿನ ಗಂಟುಗಳನ್ನೂ ಉದುರಿದ ಮಣ್ಣನ್ನೂ ನೋಡಿ, ಅಪ್ಪ ಹೇಳಿದ್ದನ್ನು ನೆನೆದು ಬರೆದನು. ಸರಿಬಾರದೆ ಹನ್ನೊಂದು ಸಲ ಅಳಿಸಿದನು. ಟ್ಯಾಬ್ಲೆಟ್ಟಿನಲ್ಲಿ ಆ ಹಳೆಯ ಪದರಗಳು ಕೆಲವು ಇನ್ನೂ ಇದ್ದುವು, ತೆರೆದು ತೋರಿಸಿದನು.

ನಾಲ್ಕು ತಿಂಗಳ ಶ್ರಮವೆಂದು ನಾವು ಒಂದೇ ಮೊತ್ತವಾಗಿ ಕಂಡದ್ದರಲ್ಲಿ ಎರಡು ಬಗೆಯ ಶ್ರಮ ಕೂಡಿದ್ದಿತು. ಸುಕ್ಕು ಮತ್ತು ಎಲೆಗಳದು ತುಂಬುವ ಶ್ರಮ; ಸೊಂಡಿಲ ತುದಿಯದು ಹುಡುಕುವ ಶ್ರಮ. ಚಿತ್ರಕಲಾ ಉಪಾಧ್ಯಾಯರು ಮೊತ್ತವನ್ನು ನೋಡಿ ಎಲ್ಲವನ್ನೂ ಮೆಚ್ಚಿದರು. ನಾವು ಅದೇ ಮೊತ್ತವನ್ನು ನೋಡಿ ಎಲ್ಲವನ್ನೂ ತಳ್ಳಿದೆವು. ಇಬ್ಬರೂ ತೂಗಿದ್ದು ಶ್ರಮವನ್ನೇ, ಚಿತ್ರವನ್ನಲ್ಲ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಇರುಳಿನಲ್ಲಿ ಕಾಣದ್ದನ್ನು ಬರೆಯಬಾರದೆಂಬುದು ಕಲೆಗೆ ನಿಯಮವೆ? ಅಲ್ಲ. ನಮ್ಮ ಹಳೆಯ ಚಿತ್ರಕಾರರು ಇರುಳಿನ ದೃಶ್ಯಗಳಲ್ಲಿಯೂ ಎಲ್ಲವನ್ನೂ ಹಗಲಿನಂತೆ ಬರೆದದ್ದುಂಟು. ಅದು ಅವರ ಆಯ್ಕೆ. ಬಾಲಕನು ಇರುಳಿನ ಭಯವನ್ನು ಬರೆಯಲು ಹೊರಟು, ಯಂತ್ರ ಸುಲಭವಾಗಿ ಒದಗಿಸಿದ್ದರಿಂದ ಎಲ್ಲವನ್ನೂ ಬೆಳಗಿಬಿಟ್ಟನು, ಅದು ಆಯ್ಕೆಯಲ್ಲ. ತಂದೆಯವರ ಮಾತು ತಾಗುವುದು ಅಲ್ಲಿ. ಎರಡನೆಯ ಆಕ್ಷೇಪ, ಚಿತ್ರ ಹೇಗೆ ಹುಟ್ಟಿತೆಂದು ನೋಡುವವನು ಏಕೆ ಕೇಳಬೇಕು, ಕಂಡದ್ದನ್ನು ಮಾತ್ರ ನೋಡಿದರೆ ಸಾಲದೆ ಎಂಬುದು. ಸಾಕು, ಆದರೆ ಕಂಡದ್ದನ್ನಾದರೂ ನೋಡಬೇಕು. ಆ ಚಿತ್ರವನ್ನು ಮತ್ತೆ ನೋಡಿದಾಗ, ಒಂದೇ ಎಲೆ, ಒಂದೇ ಹರಕು ಅಂಚಿನೊಡನೆ, ಪೊದೆ ಪೊದೆಯಲ್ಲಿ ಮರಳಿ ಬಂದದ್ದು ನಮಗೆ ಕಂಡಿತು. ಉದುರುವ ಮಣ್ಣಿನಲ್ಲಿ ಒಂದು ಹೆಂಟೆಯಂತೆ ಇನ್ನೊಂದಿರಲಿಲ್ಲ. ಹುಡುಕಾಟದ ಗುರುತು ಚಿತ್ರದಲ್ಲಿಯೇ ಇದ್ದಿತು; ಬಾಲಕನ ವಿವರಣೆ ಅದನ್ನು ದೃಢಪಡಿಸಿತು, ಅಷ್ಟೆ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಐತಿಹ್ಯವನ್ನು ನಾವೆಲ್ಲರೂ ಮಕ್ಕಳಿಗೆ ಹೇಳಿದ್ದೇವೆ. ಅದು ಚರಿತ್ರೆಯಲ್ಲ, ಆದರೆ ವಿಮರ್ಶೆಗೆ ಒಳ್ಳೆಯ ಪಾಠ. ಜಕಣಾಚಾರಿಯ ವಿಗ್ರಹದಲ್ಲಿ ದೋಷವಿದೆಯೆಂದ ಬಾಲಕನು ಬಾಯಿಮಾತಿನಲ್ಲಿ ವಾದಿಸಲಿಲ್ಲ. ವಿಗ್ರಹದ ಮೈಗೆಲ್ಲ ಗಂಧ ಬಳಿದು, ಎಲ್ಲಿ ಒಣಗಲಿಲ್ಲ ಎಂದು ನೋಡಿದನು. ಇಡೀ ವಿಗ್ರಹವನ್ನು ಒಟ್ಟಾಗಿ ಒಳ್ಳೆಯದು ಕೆಟ್ಟದ್ದು ಎನ್ನದೆ ಅಂಗ ಅಂಗವನ್ನೂ ಪರೀಕ್ಷಿಸಿದ್ದು ಅವನ ಜಾಣ್ಮೆ. ನಾವು ಮಾಡದೆ ಹೋದದ್ದು ಅದೇ.

೭

ಹಾಗಾದರೆ ನಮ್ಮ ಸಿದ್ಧಾಂತವೇನು? ಶ್ರಮಪಟ್ಟು ಸೂಕ್ಷ್ಮವಾಗಿ ಮಾಡಿದ ಡಿಜಿಟಲ್ ಚಿತ್ರ ಒಳ್ಳೆಯ ಕಲೆಯಾಗಬಲ್ಲುದು. ಆದರೆ ಶ್ರಮದಿಂದಲೂ ಅಲ್ಲ, ಸೂಕ್ಷ್ಮತೆಯಿಂದಲೂ ಅಲ್ಲ. ಪ್ರತಿಯೊಂದು ಸೂಕ್ಷ್ಮವೂ ನೋಟದಿಂದ ಬಂದು, ಒಂದು ಭಾವಕ್ಕೆ ಅಧೀನವಾದಾಗ ಆಗುತ್ತದೆ. ಯಂತ್ರ ತುಂಬುವ ಕೆಲಸವನ್ನು ಅಗ್ಗಮಾಡಿರುವ ಈ ಕಾಲದಲ್ಲಿ ಈ ಭೇದವನ್ನು ಮಕ್ಕಳಿಗೆ ತಿಳಿಸುವುದು ನಮ್ಮ ಕರ್ತವ್ಯ. ತುಂಬುವ ಶ್ರಮವನ್ನೇ ಹೊಗಳುತ್ತ ಹೋದರೆ, ಅದನ್ನು ಯಂತ್ರ ನಿಮಿಷದಲ್ಲಿ ಮಾಡುವುದನ್ನು ಕಂಡ ದಿನ ಮಗು ಪೆನ್ನನ್ನೇ ಕೆಳಗಿಟ್ಟೀತು. ಶ್ರಮವನ್ನೇ ಹೀಗಳೆದರೆ ಹನ್ನೊಂದನೆಯ ಸಲ ಅಳಿಸುವ ಧೈರ್ಯ ಅದಕ್ಕೆ ಬಾರದು.

ಪ್ರದರ್ಶನಗಳಲ್ಲಿ ತೀರ್ಪು ಕೊಡುವ ಮಿತ್ರರಿಗೆ ನಮ್ಮ ಅನುಭವದಿಂದ ಮೂರು ಸೂಚನೆಗಳು. ಚಿತ್ರವನ್ನು ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ನೋಡುವುದು. ಸೂಕ್ಷ್ಮ ಕೆಲಸವಿರುವ ಭಾಗವೊಂದನ್ನು ಅಂಗೈಯಿಂದ ಮರೆಮಾಡಿ, ಏನು ಕಳೆದುಹೋಯಿತೆಂದು ಕೇಳಿಕೊಳ್ಳುವುದು. ಮಗುವನ್ನು ಕರೆದು, ಎಷ್ಟು ದಿನ ಹಿಡಿಯಿತೆಂದು ಕೇಳುವ ಬದಲು ಎಲ್ಲಿ ಕೈ ನಿಂತಿತು ಎಂದು ಕೇಳುವುದು.

ಬಹುಮಾನವನ್ನು ಬದಲಿಸಲು ನಾವು ಹೋಗಲಿಲ್ಲ. ಅಜ್ಜಿ ಕೇರುವ ಚಿತ್ರ ಮೊದಲನೆಯದಾಗಿಯೇ ಉಳಿಯತಕ್ಕದ್ದೆಂದು ಈಗಲೂ ನಮ್ಮ ಅಭಿಪ್ರಾಯ. ಆದರೆ ದಾಖಲೆ ಪುಸ್ತಕದ ಆ ವಾಕ್ಯದ ಕೆಳಗೆ ಇನ್ನೊಂದನ್ನು ಬರೆದು ರುಜು ಹಾಕಿದ್ದೇವೆ: “ಸೊಂಡಿಲ ತುದಿ ಉತ್ತಮ ಕಲೆ; ತೀರ್ಪುಗಾರರು ಅದನ್ನು ನೋಡಲಿಲ್ಲ.” ಬಾಲಕನಿಗೂ ಅದನ್ನು ಓದಿ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಕಾಡನ್ನೆಲ್ಲ ಕಪ್ಪು ಮಾಡ್ಬೇಕಾ ಸಾರ್?” ಎಂದು ಕೇಳಿದನು. ಮಾಡೆಂದೂ ಬೇಡವೆಂದೂ ನಾವು ಹೇಳಲಿಲ್ಲ. ಈ ಸಲ ಆನೆ ಬಂದಾಗ ಅಪ್ಪನ ಜೊತೆ ಅಟ್ಟಣೆಯ ಮೇಲೆ ಕುಳಿತು, ಏನು ಕಾಣುತ್ತದೆ ಏನು ಕಾಣುವುದಿಲ್ಲ ನೋಡಿ ಬಾ ಎಂದೆವು. ರಾಗಿ ಈಗ ತೆನೆಗಟ್ಟುತ್ತಿದೆ. ಈ ವಿಚಾರದಲ್ಲಿ ಭಿನ್ನಾಭಿಪ್ರಾಯವುಳ್ಳ ಸಹೋದ್ಯೋಗಿಗಳು ತಮ್ಮ ಅನುಭವವನ್ನು ಮುಂದಿನ ಸಂಚಿಕೆಗೆ ಬರೆದು ಚರ್ಚೆಯನ್ನು ಮುಂದುವರಿಸಬೇಕೆಂದು ವಿನಂತಿಸಿ ಈ ಲೇಖನವನ್ನು ಮುಗಿಸುತ್ತೇವೆ.